ಮಚ್ಚೆ ತೆಗೆಸುವ ಮುನ್ನ ಅದು ಮಚ್ಚೆಯೇ ಎಂದು ಖಾತ್ರಿಯಾಗಲಿ

ಪೆನ್ನಿನಂತಹ ಒಂದು ಸಾಧನ. ತುದಿಯಲ್ಲಿ ಸೂಜಿಮೊನೆ, ಅದರಿಂದ ಚಿಮ್ಮುವ ನೀಲಿ ಕಿಡಿ. ಕೆನ್ನೆಯ ಮೇಲಿನ ಕಪ್ಪು ಚುಕ್ಕೆಗೆ ಅದನ್ನು ತಾಗಿಸಿದರೆ ಎಳೆಯಷ್ಟು ಹೊಗೆ ಏಳುತ್ತದೆ, ಚುಕ್ಕೆ ಸುಟ್ಟು ಬೂದಿಬಣ್ಣಕ್ಕೆ ತಿರುಗುತ್ತದೆ. ಮುಂದಿನ ದೃಶ್ಯದಲ್ಲಿ ನುಣುಪಾದ ಕೆನ್ನೆ. ಇಂತಹ ಪುಟ್ಟ ವಿಡಿಯೊಗಳು ಫೋನಿನಲ್ಲಿ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತವೆ. ಸಾಧನವನ್ನು ಆನ್‌ಲೈನಿನಲ್ಲೇ ತರಿಸಿಕೊಳ್ಳಬಹುದು. ಮಚ್ಚೆ ಉದುರಿಸುವ ಮುಲಾಮು, ದ್ರಾವಣ, ಅಂಟುಪಟ್ಟಿಗಳೂ ಸಿಗುತ್ತವೆ. ಮುಖಕ್ಕೆ ಫೇಶಿಯಲ್ ಮಾಡುವ ಜಾಗದಲ್ಲೇ ಮಚ್ಚೆಯನ್ನೂ ಸುಟ್ಟುಕೊಡುವವರಿದ್ದಾರೆ.

ಆ ವಿಡಿಯೊ ನೋಡಿದಾಗಲೆಲ್ಲ ನನಗೆ ಒಂದೇ ಪ್ರಶ್ನೆ ಕಾಡುತ್ತದೆ. ಈಗ ಸುಟ್ಟುಹೋದದ್ದು ಏನು? ಅದು ಮಚ್ಚೆ ಎಂದು ಹೇಳಿದವರು ಯಾರು?

ಮಚ್ಚೆ ತೆಗೆಯುವುದು ಅಂತಹ ಕಷ್ಟದ ಕೆಲಸವೇನಲ್ಲ. ನುರಿತ ಚರ್ಮರೋಗ ತಜ್ಞರಿಗೆ ಸಾಮಾನ್ಯವಾಗಿ ಅರ್ಧ ಗಂಟೆಯೂ ಬೇಡ. ಆದರೆ ಅದಕ್ಕೂ ಮೊದಲು, ಕಣ್ಣೆದುರಿಗಿರುವುದು ಯಾವ ಬಗೆಯ ಗುರುತು ಎಂದು ತಿಳಿಯಬೇಕು. ತೆಗೆದ ಮೇಲೆ ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಖಚಿತಪಡಿಸಿಕೊಳ್ಳಬೇಕು. ಹಿಂದಿನದನ್ನೂ ಮುಂದಿನದನ್ನೂ ಕೈಬಿಟ್ಟು ನಡುವಿನ ಕೆಲಸವನ್ನಷ್ಟೇ ಮಾರುವ ವ್ಯಾಪಾರ ಈಗ ಜೋರಾಗಿದೆ. ಅದರಿಂದ ಆಗುವ ಹಾನಿ ಎಂತಹದು ಎಂದು ತಿಳಿಯಲು ಮಚ್ಚೆಯ ಒಳಗೇ ಸ್ವಲ್ಪ ಇಣುಕಬೇಕಾಗುತ್ತದೆ.

ಗೂಡು ಕಟ್ಟಿದ ಬಣ್ಣದ ಕೋಶಗಳು

ಚರ್ಮಕ್ಕೆ ಬಣ್ಣ ಕೊಡುವ ವಸ್ತು ಮೆಲನಿನ್. ಅದನ್ನು ತಯಾರಿಸುವ ಜೀವಕೋಶಗಳಿಗೆ ಮೆಲನೊಸೈಟ್ ಎಂದು ಹೆಸರು. ಹೊರಚರ್ಮದ ತಳದ ಸಾಲಿನಲ್ಲಿ ಇವು ಒಂದಕ್ಕೊಂದು ಅಂತರ ಬಿಟ್ಟು ಕುಳಿತಿರುತ್ತವೆ. ಎಲ್ಲೋ ಒಂದು ಕಡೆ ಒಂದೇ ಕೋಶದಿಂದ ಹಲವು ಹುಟ್ಟಿ, ಒತ್ತಾಗಿ ಗೂಡು ಕಟ್ಟಿಕೊಂಡರೆ ಅದು ನಮಗೆ ಮಚ್ಚೆಯಾಗಿ ಕಾಣುತ್ತದೆ.

ಈ ಗೂಡಿನ ಬಗ್ಗೆ 2003ರಲ್ಲಿ ಒಂದು ಬೆರಗಿನ ಸಂಗತಿ ಹೊರಬಂತು. ಮಚ್ಚೆಗಳ ಡಿಎನ್‌ಎ ಪರೀಕ್ಷಿಸಿದಾಗ ಅವುಗಳಲ್ಲಿ ಸುಮಾರು ಶೇ 80ರಷ್ಟರಲ್ಲಿ ಬಿ-ರಾಫ್ ಎಂಬ ಜೀನ್ ಮಾರ್ಪಟ್ಟಿರುವುದು ಕಂಡಿತು. ಮೆಲನೋಮಾ ಎಂಬ ಅಪಾಯಕಾರಿ ಚರ್ಮದ ಕ್ಯಾನ್ಸರಿನಲ್ಲಿ ಪದೇಪದೇ ಸಿಗುವ ಮಾರ್ಪಾಟೂ ಅದೇ. ಹಾಗಾದರೆ ಮೈಮೇಲಿನ ಮಚ್ಚೆಗಳೆಲ್ಲ ಯಾಕೆ ಕ್ಯಾನ್ಸರ್ ಆಗಲಿಲ್ಲ? ಉತ್ತರ 2005ರಲ್ಲಿ ಸ್ಪಷ್ಟವಾಯಿತು. ಆ ಮಾರ್ಪಾಟು ಕೋಶವನ್ನು ಬೆಳೆಯಲು ತಳ್ಳುತ್ತದೆ, ಕೋಶ ಕೆಲಕಾಲ ಒಡೆದು ಹೆಚ್ಚುತ್ತದೆ, ಅಷ್ಟರಲ್ಲಿ ಅದರೊಳಗಿನ ತಡೆ ಎಚ್ಚೆತ್ತು ಬೆಳವಣಿಗೆಯನ್ನು ನಿಲ್ಲಿಸಿಬಿಡುತ್ತದೆ. ಅಂದರೆ ನಮ್ಮ ಒಂದೊಂದು ಮಚ್ಚೆಯೂ ಹೊರಟು ಬ್ರೇಕ್ ಬಿದ್ದು ನಿಂತ ಗಾಡಿಯಂತೆ. ಬಹುಪಾಲು ಗಾಡಿಗಳು ಜೀವನವಿಡೀ ನಿಂತಲ್ಲೇ ನಿಂತಿರುತ್ತವೆ.

ಮಚ್ಚೆಗೂ ಬಾಲ್ಯ, ಮುಪ್ಪು ಉಂಟು. ಮಕ್ಕಳಲ್ಲಿ ಅದು ಚಪ್ಪಟೆಯಾಗಿ ಕಡುಕಂದು ಚುಕ್ಕೆಯಂತೆ ಇರುತ್ತದೆ. ವರ್ಷಗಳು ಕಳೆದಂತೆ ಕೋಶಗಳು ಒಳಚರ್ಮಕ್ಕೆ ಇಳಿಯುತ್ತವೆ, ಮಚ್ಚೆ ಉಬ್ಬುತ್ತದೆ, ಮೆತ್ತಗಾಗುತ್ತದೆ, ಬಣ್ಣ ತಿಳಿಯಾಗುತ್ತದೆ. ಮುಪ್ಪಿನಲ್ಲಿ ಎಷ್ಟೋ ಮಚ್ಚೆಗಳು ಮಾಸಿಯೇ ಹೋಗುತ್ತವೆ. ವಯಸ್ಕರ ಮೈಮೇಲೆ 10ರಿಂದ 40 ಮಚ್ಚೆಗಳಿರುವುದು ತೀರಾ ಸಾಮಾನ್ಯ. ಹೊಸ ಮಚ್ಚೆಗಳು ಮೂಡುವುದೆಲ್ಲ ಹೆಚ್ಚಾಗಿ 40ರ ಒಳಗೆ. ಆ ವಯಸ್ಸು ದಾಟಿದ ಮೇಲೆ ಹೊಸದಾಗಿ ಕಂಡ ಕಪ್ಪು ಗುರುತನ್ನು ಒಮ್ಮೆ ವೈದ್ಯರಿಗೆ ತೋರಿಸುವುದು ಒಳ್ಳೆಯದು.

ನೀಲಿ ಮಚ್ಚೆ ಕಂಡರೆ ಜನ ಗಾಬರಿಯಾಗುತ್ತಾರೆ. ಅದರಲ್ಲಿರುವುದೂ ಅದೇ ಕಂದು ಮೆಲನಿನ್. ಅದು ತುಂಬ ಆಳದಲ್ಲಿರುವುದರಿಂದ ಬೆಳಕು ಚದುರಿ ನಮ್ಮ ಕಣ್ಣಿಗೆ ನೀಲಿಯಾಗಿ ಕಾಣುತ್ತದೆ. ಮಚ್ಚೆಯಲ್ಲಿ ಕೂದಲು ಬೆಳೆದರೂ ಹೆದರಬೇಕಿಲ್ಲ. ಆ ಕೂದಲನ್ನು ಕತ್ತರಿಸುವುದರಿಂದಾಗಲಿ ಕಿತ್ತರೆ ಆಗಲಿ ಕ್ಯಾನ್ಸರ್ ಬರುವುದಿಲ್ಲ. ಮಚ್ಚೆಗೆ ಕತ್ತರಿ ತಾಗಿಸಿದರೆ ಅದು ಕೆರಳಿ ಕ್ಯಾನ್ಸರ್ ಆಗುತ್ತದೆ ಎಂಬ ಭಯವೂ ಹಲವರಲ್ಲಿದೆ. ಅದು ಸುಳ್ಳು. ಕತ್ತರಿಸಿದ ಮೇಲೆ ಕ್ಯಾನ್ಸರ್ ಕಂಡಿತು ಎಂದರೆ, ಕತ್ತರಿಸುವ ಮೊದಲೇ ಅದು ಅಲ್ಲಿತ್ತು ಎಂದರ್ಥ. ಈ ತಪ್ಪು ಭಯದಿಂದಾಗಿ, ತುರ್ತಾಗಿ ತೆಗೆಸಬೇಕಾದ ಗುರುತನ್ನು ವರ್ಷಗಟ್ಟಲೆ ಮುಟ್ಟದೆ ಇಟ್ಟುಕೊಂಡವರಿದ್ದಾರೆ ಎನ್ನುವುದು ನೋವಿನ ಸಂಗತಿ.

ನೂರು ನವಜಾತ ಶಿಶುಗಳಲ್ಲಿ ಸುಮಾರು ಒಂದಕ್ಕೆ ಹುಟ್ಟುವಾಗಲೇ ಮಚ್ಚೆ ಇರುತ್ತದೆ. ಚಿಕ್ಕದಿದ್ದರೆ ಚಿಂತೆಯಿಲ್ಲ. ಮಗು ದೊಡ್ಡದಾಗುವಷ್ಟರಲ್ಲಿ 20 ಸೆಂ.ಮೀ. ಮೀರಿ ಹರಡುವಂತಹ ದೊಡ್ಡ ಹುಟ್ಟುಮಚ್ಚೆಯಾದರೆ ಅದರ ಕತೆಯೇ ಬೇರೆ. ಅಂತಹ ಮಕ್ಕಳನ್ನು ಮೊದಲಿಂದಲೂ ತಜ್ಞರ ಕಣ್ಣಳತೆಯಲ್ಲೇ ಬೆಳೆಸಬೇಕು.

ಮಚ್ಚೆಯಂತೆ ಕಾಣುವುದೆಲ್ಲ ಮಚ್ಚೆಯಲ್ಲ

ಮಾತಿನಲ್ಲಿ ನಾವು ಮಚ್ಚೆ ಎನ್ನುವುದರೊಳಗೆ ಹತ್ತಾರು ಬೇರೆ ಬೇರೆ ಗುರುತುಗಳು ಸೇರಿಕೊಂಡಿರುತ್ತವೆ. ಕುತ್ತಿಗೆಯಲ್ಲಿ, ಕಂಕುಳಲ್ಲಿ ಸಣ್ಣ ತೊಟ್ಟಿನಿಂದ ಜೋತುಬಿದ್ದ ಮೆತ್ತನೆಯ ಗಂಟುಗಳಲ್ಲಿ ಬಣ್ಣದ ಕೋಶಗಳ ಗೂಡು ಇರುವುದಿಲ್ಲ, ಅವು ಬರೀ ಹೆಚ್ಚುವರಿ ಚರ್ಮ. ತೂಕ ಹೆಚ್ಚಿದವರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಹೆಚ್ಚು ಕಾಣುತ್ತವೆ. ನರಹುಲಿ ವೈರಸ್ಸಿನಿಂದ ಬರುವಂತಹದು, ಒಬ್ಬರಿಂದ ಒಬ್ಬರಿಗೆ ಹರಡುತ್ತದೆ. ವಯಸ್ಸಾದವರ ಬೆನ್ನಿನಲ್ಲಿ ಮೇಣ ಅಂಟಿಸಿದಂತೆ ಕಾಣುವ ಒರಟು ಕಂದು ಗುರುತುಗಳು ಇನ್ನೊಂದು ಬಗೆ. ಕಂದು ಮತ್ತು ಕಪ್ಪು ಮೈಬಣ್ಣದವರ ಕೆನ್ನೆ, ಕಣ್ಣಿನ ಸುತ್ತ ಚಿಮುಕಿಸಿದಂತೆ ಬರುವ ಪುಟ್ಟ ಕಪ್ಪು ಉಬ್ಬುಗಳೂ ಅದೇ ಕುಟುಂಬಕ್ಕೆ ಸೇರಿದವು. ಇವು ಯಾವುವೂ ಅಪಾಯಕಾರಿಯಲ್ಲ.

ಇವುಗಳ ನಡುವೆಯೇ ಕಪ್ಪು ಬಣ್ಣ ಹೊತ್ತ ಬೇಸಲ್ ಸೆಲ್ ಎಂಬ ಇನ್ನೊಂದು ಬಗೆಯ ಚರ್ಮದ ಕ್ಯಾನ್ಸರ್ ಇರಬಹುದು, ಮೆಲನೋಮಾ ಇರಬಹುದು. ಕನ್ನಡಿಯಲ್ಲಿ ಎಲ್ಲವೂ ಒಂದು ಕಪ್ಪು ಚುಕ್ಕೆಯೇ. ವೈದ್ಯರು ಡರ್ಮಟೋಸ್ಕೋಪ್ ಹಿಡಿದಾಗ ಚಿತ್ರ ಬದಲಾಗುತ್ತದೆ. ಸುಮಾರು ಹತ್ತು ಪಟ್ಟು ಹಿಗ್ಗಿಸಿ ತೋರಿಸುವ, ಚರ್ಮದ ಮೇಲ್ಮೈಯ ಹೊಳಪನ್ನು ತಗ್ಗಿಸಿ ಒಳಗಿನ ಬಣ್ಣದ ಬಲೆಯನ್ನು ಕಾಣಿಸುವ ಕೈಯಲ್ಲಿ ಹಿಡಿಯುವ ಸಾಧನ ಅದು. ನನ್ನ ಹೆಗಲ ಹಿಂದಿನ ಒಂದು ಮಚ್ಚೆಯನ್ನು ಅದರಲ್ಲಿ ತೆಗೆದ ಚಿತ್ರವಾಗಿ ವೈದ್ಯರು ನನಗೆ ತೋರಿಸಿದ್ದರು. ನಾನು ಒಂದೇ ಕಂದು ಎಂದುಕೊಂಡಿದ್ದ ಚುಕ್ಕೆಯಲ್ಲಿ ಜೇನುಗೂಡಿನಂತಹ ಗೆರೆಗಳಿದ್ದವು, ಒಂದು ಅಂಚಿನಲ್ಲಿ ಮಾತ್ರ ಆ ಗೆರೆಗಳು ದಪ್ಪಗಾಗಿ ಕದಡಿದ್ದವು. ಆ ಅಂಚು ನನ್ನ ಬರಿಗಣ್ಣಿಗೆ ಎಂದೂ ಕಂಡಿರಲಿಲ್ಲ.

ಎಲ್ಲವನ್ನೂ ತೆಗೆಸಿಬಿಟ್ಟರೆ?

ಮುಂದೆ ಕ್ಯಾನ್ಸರ್ ಆಗುವುದು ಬೇಡ, ಈಗಲೇ ಎಲ್ಲ ಮಚ್ಚೆ ತೆಗೆಸಿಬಿಡೋಣ ಎನ್ನುವವರಿದ್ದಾರೆ. ಅಂಕಿಅಂಶಗಳು ಈ ಯೋಚನೆಗೆ ಬೆಂಬಲ ಕೊಡುವುದಿಲ್ಲ. ಅಮೆರಿಕದ ಸಂಶೋಧಕರು 2003ರಲ್ಲಿ ಹಾಕಿದ ಲೆಕ್ಕದ ಪ್ರಕಾರ, 40ರೊಳಗಿನವರ ಮೈಮೇಲಿನ ಯಾವುದೋ ಒಂದು ಮಚ್ಚೆ ಒಂದು ವರ್ಷದಲ್ಲಿ ಮೆಲನೋಮಾ ಆಗುವ ಸಂಭವ 2 ಲಕ್ಷಕ್ಕೆ ಒಂದು ಅಥವಾ ಅದಕ್ಕೂ ಕಡಿಮೆ. 60 ದಾಟಿದ ಗಂಡಸರಲ್ಲೂ ಅದು ಸುಮಾರು 33 ಸಾವಿರಕ್ಕೆ ಒಂದು. ಇನ್ನೂ ಮುಖ್ಯವಾದುದು ಮೆಲನೋಮಾ ಎಲ್ಲಿ ಹುಟ್ಟುತ್ತದೆ ಎನ್ನುವುದು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಹಳೆಯ ಮಚ್ಚೆಯೊಳಗಿಂದ ಹುಟ್ಟಿದ ಮೆಲನೋಮಾಗಳು ಶೇ 29ರಷ್ಟು ಮಾತ್ರ. ಮಿಕ್ಕವು ಏನೂ ಇಲ್ಲದ ಬರೀ ಚರ್ಮದಲ್ಲಿ ಹೊಸದಾಗಿ ಮೂಡಿದವು. ಇರುವ ಮಚ್ಚೆಯನ್ನೆಲ್ಲ ಕಿತ್ತುಹಾಕಿದರೂ ಅಪಾಯದ ದೊಡ್ಡ ಪಾಲು ಹಾಗೇ ಉಳಿಯುತ್ತದೆ, ಮೈತುಂಬ ಕಲೆ ಮಾತ್ರ ಹೆಚ್ಚುವರಿ.

ಮಚ್ಚೆಗಳ ಸಂಖ್ಯೆ ಒಂದು ಸೂಚನೆಯಂತೂ ಹೌದು. 100ಕ್ಕೂ ಹೆಚ್ಚು ಮಚ್ಚೆ ಇರುವವರಿಗೆ, ತೀರಾ ಕಡಿಮೆ ಇರುವವರಿಗಿಂತ ಮೆಲನೋಮಾ ಅಪಾಯ ಸುಮಾರು ಏಳು ಪಟ್ಟು. ಈ ಲೆಕ್ಕಗಳೆಲ್ಲ ಹೆಚ್ಚಾಗಿ ಬಿಳಿ ಚರ್ಮದ ಜನರ ನಡುವೆ ನಡೆದ ಅಧ್ಯಯನಗಳಿಂದ ಬಂದವು. ಮಚ್ಚೆಗಳು ತುಂಬ ಇರುವವರು ಮಾಡಬೇಕಾದುದು ವರ್ಷಕ್ಕೊಮ್ಮೆ ತಜ್ಞರಿಂದ ಮೈ ಪೂರ್ತಿ ಪರೀಕ್ಷೆ, ಜತೆಗೆ ಬಿಸಿಲಿನಿಂದ ರಕ್ಷಣೆ.

ಏನನ್ನು ಗಮನಿಸಬೇಕು

ವೈದ್ಯರು 1985ರಲ್ಲಿ ಜನರಿಗೆಂದೇ ಎ-ಬಿ-ಸಿ-ಡಿ (ಅಸಿಮೆಟ್ರಿ, ಬಾರ್ಡರ್, ಕಲರ್, ಡಯಾಮೀಟರ್) ಎಂಬ ಸೂತ್ರ ಹೊಸೆದರು. ಮಚ್ಚೆಯ ನಡುವೆ ಗೆರೆ ಎಳೆದಂತೆ ಊಹಿಸಿಕೊಂಡರೆ ಎರಡು ಬದಿಯೂ ಒಂದೇ ತರಹ ಇದೆಯೇ, ಅಂಚು ನೇರವಾಗಿದೆಯೇ ಅಥವಾ ಹರಿದ ಕಾಗದದಂತಿದೆಯೇ, ಒಂದೇ ಬಣ್ಣವೋ ಕಪ್ಪು-ಕಂದು-ಕೆಂಪು-ಬಿಳಿ ಕಲಸಿದೆಯೋ, 6 ಮಿ.ಮೀ.ಗಿಂತ ಅಗಲವಾಗಿದೆಯೋ ಎನ್ನುವ ನಾಲ್ಕು ಪ್ರಶ್ನೆಗಳು. 6 ಮಿ.ಮೀ. ಎಂದರೆ ಪೆನ್ಸಿಲ್ ಹಿಂಬದಿಯ ರಬ್ಬರಿನಷ್ಟು. 2004ರಲ್ಲಿ ಇದಕ್ಕೆ ಇ (ಇವಾಲ್ವಿಂಗ್) ಸೇರಿತು, ಮಚ್ಚೆ ಬದಲಾಗುತ್ತಿದೆಯೇ ಎನ್ನುವ ಪ್ರಶ್ನೆ. ಒಂದನ್ನೇ ನೆನಪಿಟ್ಟುಕೊಳ್ಳುತ್ತೇನೆ ಎನ್ನುವವರಿಗೆ ನಾನು ಈ ಐದನೆಯದನ್ನೇ ಹೇಳುತ್ತೇನೆ. ವಾರಗಳಲ್ಲಿ, ತಿಂಗಳುಗಳಲ್ಲಿ ಹಿಗ್ಗುತ್ತಿರುವ, ಬಣ್ಣ ಬದಲಿಸುತ್ತಿರುವ, ಹೊಸದಾಗಿ ತುರಿಸುತ್ತಿರುವ, ಪೆಟ್ಟಾಗದೆಯೂ ರಕ್ತ ಒಸರುವ ಮಚ್ಚೆ ಕಾಯುವಂತಹದಲ್ಲ. ಇನ್ನು ಕೆಲವು ಮೆಲನೋಮಾಗಳು ಈ ಸೂತ್ರಕ್ಕೇ ಸಿಗುವುದಿಲ್ಲ. ದುಂಡಗೆ, ಒಂದೇ ಬಣ್ಣದಲ್ಲಿ, ಕೆಲವೊಮ್ಮೆ ಬರೀ ಗುಲಾಬಿಯಾಗಿ ಎದ್ದ ಗಟ್ಟಿ ಗಂಟು ಬೇಗಬೇಗ ಬೆಳೆಯುತ್ತಿದ್ದರೆ ತಡಮಾಡದೆ ತೋರಿಸಬೇಕು.

1998ರಲ್ಲಿ ಫ್ರಾನ್ಸಿನ ವೈದ್ಯರು ಇನ್ನೂ ಸರಳವಾದ ದಾರಿ ಹೇಳಿದರು. ಒಬ್ಬ ಮನುಷ್ಯನ ಮಚ್ಚೆಗಳು ಸಾಮಾನ್ಯವಾಗಿ ಒಂದೇ ಮನೆಯ ಮಕ್ಕಳಂತೆ ಹೋಲುತ್ತವೆ. ಆ ಗುಂಪಿಗೆ ಸೇರದೆ ಬೇರೆಯೇ ಆಗಿ ಕಾಣುವ ಒಂದನ್ನು ಅನುಮಾನಿಸಿ. ನನಗೆ ಇದು ತುಂಬ ಇಷ್ಟವಾದ ಸೂತ್ರ. ಇದಕ್ಕೆ ಅಳತೆಪಟ್ಟಿ ಬೇಡ, ನಮ್ಮ ಮೈ ನಮಗೆ ಪರಿಚಯವಿದ್ದರೆ ಸಾಕು.

ಕಂದು, ಕಪ್ಪು ಮೈಬಣ್ಣದವರಿಗೆ ಮೆಲನೋಮಾ ಬರುವುದು ಬಹಳ ಕಡಿಮೆ. ಬಂದರೆ ಮಾತ್ರ ಅದು ನಾವು ನೋಡದ ಜಾಗದಲ್ಲೇ ಹೆಚ್ಚಾಗಿ ಬರುತ್ತದೆ: ಅಂಗಾಲು, ಅಂಗೈ, ಉಗುರಿನ ಕೆಳಗೆ. ಈ ಬಗೆಗೂ ಬಿಸಿಲಿಗೂ ಹೆಚ್ಚಿನ ನಂಟಿಲ್ಲ. ಸಂಗೀತಗಾರ ಬಾಬ್ ಮಾರ್ಲೆಗೆ ಕಾಲ್ಬೆರಳ ಉಗುರಿನ ಕೆಳಗೆ ಮೆಲನೋಮಾ ಇರುವುದು 1977ರಲ್ಲಿ ಪತ್ತೆಯಾಯಿತು, ಫುಟ್‌ಬಾಲ್ ಆಡುವಾಗ ಆದ ಗಾಯವೆಂದೇ ಮೊದಲು ಅಂದುಕೊಳ್ಳಲಾಗಿತ್ತು. 1981ರಲ್ಲಿ ಅವರು ತೀರಿಕೊಂಡಾಗ ವಯಸ್ಸು 36. ಉಗುರಿನಲ್ಲಿ ಉದ್ದಕ್ಕೆ ಕಪ್ಪು ಗೆರೆ ಇರುವುದು ಕಪ್ಪು ಮೈಬಣ್ಣದವರಲ್ಲಿ ಅಪರೂಪವೇನಲ್ಲ, ಹಲವು ಬೆರಳುಗಳಲ್ಲಿ ಇದ್ದರೆ ಸಾಮಾನ್ಯವಾಗಿ ನಿರುಪದ್ರವಿ. ಒಂದೇ ಉಗುರಿನಲ್ಲಿ ಹೊಸದಾಗಿ ಮೂಡಿ, ಅಗಲವಾಗುತ್ತಾ, ಉಗುರಿನ ಬುಡದ ಚರ್ಮಕ್ಕೂ ಕಪ್ಪು ಹರಡಿದ್ದರೆ ಅದು ಗಂಭೀರ. ಪೆಟ್ಟು ಬಿದ್ದು ರಕ್ತ ಕಟ್ಟಿದ್ದಾದರೆ ಉಗುರು ಬೆಳೆದಂತೆ ಆ ಕಪ್ಪು ತುದಿಯ ಕಡೆ ಸರಿಯುತ್ತದೆ. ಸರಿಯದೆ ಬುಡದಲ್ಲೇ ಉಳಿದರೆ ತೋರಿಸಲೇಬೇಕು. ಅಂಗಾಲಿನಲ್ಲಿ ವಾಸಿಯಾಗದ ಕಪ್ಪು ಗಾಯಕ್ಕೂ ಇದೇ ಮಾತು.

ಫೋನಿನಲ್ಲಿ ಫೋಟೊ ತೆಗೆದರೆ ಅಪಾಯವಿದೆಯೋ ಇಲ್ಲವೋ ಹೇಳುವ ಆ್ಯಪ್‌ಗಳನ್ನು ನಂಬಿ ಕೂರಬೇಡಿ. 2020ರಲ್ಲಿ ಅಂತಹ ಆರು ಆ್ಯಪ್‌ಗಳ ಮೇಲಿನ ಅಧ್ಯಯನಗಳನ್ನು ಪರಿಶೀಲಿಸಿದ ಬ್ರಿಟನ್ನಿನ ಸಂಶೋಧಕರು, ಕ್ಯಾನ್ಸರನ್ನು ಬಿಡದೆ ಪತ್ತೆ ಮಾಡುತ್ತವೆ ಎಂದು ಅವುಗಳನ್ನು ನೆಚ್ಚಿಕೊಳ್ಳುವಂತಿಲ್ಲ ಎಂದರು. ಫೋನಿನ ನಿಜವಾದ ಉಪಯೋಗ ಬೇರೆ ಇದೆ. ಮಚ್ಚೆಯ ಪಕ್ಕ ಅಳತೆಪಟ್ಟಿ ಇಟ್ಟು, ಒಂದೇ ಬೆಳಕಿನಲ್ಲಿ, ಕೆಲವು ತಿಂಗಳಿಗೊಮ್ಮೆ ತೆಗೆದ ಫೋಟೊ ವೈದ್ಯರಿಗೆ ಬಹಳ ನೆರವಾಗುತ್ತದೆ.

ತೆಗೆಯುವ ದಾರಿಗಳು

ಕ್ಯಾನ್ಸರಿನ ಅನುಮಾನವಿದ್ದರೆ ತೆಗೆಯಲೇಬೇಕು. ಬೆಲ್ಟಿಗೆ, ಒಳಉಡುಪಿನ ಪಟ್ಟಿಗೆ, ರೇಜರಿಗೆ ಸಿಕ್ಕಿ ಪದೇಪದೇ ಗಾಯವಾಗುತ್ತಿದ್ದರೂ ತೆಗೆಸಬಹುದು. ನೋಡಲು ಇಷ್ಟವಾಗುತ್ತಿಲ್ಲ ಎನ್ನುವುದೂ ಸಾಕಷ್ಟು ದೊಡ್ಡ ಕಾರಣವೇ. ಮುಖದ ಮೇಲಿನ ಒಂದು ಗುರುತಿಗಾಗಿ ವರ್ಷಗಟ್ಟಲೆ ಮನಸ್ಸು ಕುಗ್ಗಿಸಿಕೊಂಡವರಿಗೆ, ಅಷ್ಟಕ್ಕೆಲ್ಲ ಯಾಕೆ ಎಂದು ಹೇಳುವುದು ನನಗೆ ಸರಿಕಾಣುವುದಿಲ್ಲ. ಕಾರಣ ಯಾವುದೇ ಇರಲಿ, ತೆಗೆಯುವ ದಾರಿ ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ: ಪರೀಕ್ಷೆಗೆ ಕಳಿಸಲು ಏನಾದರೂ ಉಳಿಯುತ್ತದೆಯೇ?

ಪೂರ್ತಿ ಕತ್ತರಿಸಿ ಹೊಲಿಗೆ ಹಾಕುವುದು ಹಳೆಯ ಮತ್ತು ಅತ್ಯಂತ ನಂಬಿಕಸ್ಥ ವಿಧಾನ. ನನ್ನ ಹೆಗಲ ಮಚ್ಚೆ ತೆಗೆದದ್ದು ಹೀಗೆಯೇ. ಮೊದಲು ಪೆನ್ನಿನಲ್ಲಿ ಮಚ್ಚೆಯ ಸುತ್ತ ದೋಣಿಯಾಕಾರ ಬರೆದರು. ಅದರ ಉದ್ದ ಕಂಡು ನಾನು ಬೆಚ್ಚಿದ್ದಕ್ಕೆ ವೈದ್ಯರು ಲೆಕ್ಕ ಬಿಡಿಸಿ ಹೇಳಿದರು. ಮಚ್ಚೆ 6 ಮಿ.ಮೀ., ಎರಡೂ ಬದಿ 2 ಮಿ.ಮೀ. ಅಂಚು ಸೇರಿಸಿದರೆ ಅಗಲ 10 ಮಿ.ಮೀ. ದುಂಡಗೆ ಕತ್ತರಿಸಿ ಹೊಲಿದರೆ ಎರಡು ತುದಿಯಲ್ಲೂ ಚರ್ಮ ಮಡಚಿ ಗುಬುಟಾಗಿ ನಿಲ್ಲುತ್ತದೆ, ಚಪ್ಪಟೆಯಾಗಿ ಕೂರಬೇಕಾದರೆ ಉದ್ದ ಅಗಲದ ಮೂರು ಪಟ್ಟಿರಬೇಕು. ಅಲ್ಲಿಗೆ 6 ಮಿ.ಮೀ. ಮಚ್ಚೆಗೆ 30 ಮಿ.ಮೀ. ಗೆರೆ. ತೆಗೆಸುವ ಮೊದಲು ಈ ಲೆಕ್ಕ ಪ್ರತಿಯೊಬ್ಬರಿಗೂ ಗೊತ್ತಿರಬೇಕು. ಮಚ್ಚೆ ಹೋಗಿ ಏನೂ ಇಲ್ಲದ ಚರ್ಮ ಬರುವುದಿಲ್ಲ, ಮಚ್ಚೆ ಇದ್ದಲ್ಲಿ ಗೆರೆ ಬರುತ್ತದೆ. ಚರ್ಮದ ಸಹಜ ನೆರಿಗೆಗಳ ಜತೆ ಆ ಗೆರೆಯನ್ನು ಹೊಂದಿಸಿ ಕತ್ತರಿಸುವುದರಲ್ಲೇ ವೈದ್ಯರ ಕೈಚಳಕ ಇರುವುದು.

ಮರಗಟ್ಟಿಸುವ ಮದ್ದು ಲಿಗ್ನೊಕೇಯ್ನ್ ಚುಚ್ಚಿದಾಗ ಕೆಲವು ಸೆಕೆಂಡು ಉರಿ, ಆಮೇಲೆ ಎಳೆದಾಟ ಬಿಟ್ಟರೆ ನೋವಿಲ್ಲ. ಕತ್ತರಿಸಿದ ತುಂಡನ್ನು ಸಹಾಯಕಿ ಒಂದು ಪುಟ್ಟ ಬಾಟಲಿಯ ಫಾರ್ಮಲಿನ್ ದ್ರಾವಣಕ್ಕೆ ಹಾಕಿದರು. ಮುಚ್ಚಳ ತಿರುಗಿಸಿ, ಹೆಸರು, ದಿನಾಂಕ, ಎಡ ಹೆಗಲು ಎಂದು ಚೀಟಿ ಬರೆದು, ನನಗೆ ಜೋರಾಗಿ ಓದಿ ಹೇಳಿ ಸರಿ ಇದೆಯೇ ಎಂದು ಕೇಳಿದರು. ತಳದಲ್ಲಿ ಕುಳಿತ ಆ ತುಂಡು ಬೆರಳುಗುರಿನಷ್ಟೂ ಇರಲಿಲ್ಲ. ಅದನ್ನು ಮೇಣದಲ್ಲಿ ಕೂರಿಸಿ, ಮಿಲಿಮೀಟರಿನ ಇನ್ನೂರನೇ ಒಂದು ಭಾಗದಷ್ಟು ತೆಳುವಾಗಿ ಹೆರೆದು, ಬಣ್ಣ ಹಾಕಿ ನೋಡಿದ ಮೇಲೆಯೇ ಅದು ಏನು ಎಂದು ಯಾರಾದರೂ ಖಚಿತವಾಗಿ ಹೇಳಬಲ್ಲರು.

ಮುಖದ ಮೇಲೆ ಮೆತ್ತಗೆ ಉಬ್ಬಿದ, ವರ್ಷಗಳಿಂದ ಬದಲಾಗದ ಮಚ್ಚೆಗೆ ಹೊಲಿಗೆ ಬೇಡದ ದಾರಿಯಿದೆ. ಬ್ಲೇಡಿನಿಂದಲೋ ರೇಡಿಯೊ ತರಂಗದ ತಂತಿಕುಣಿಕೆಯಿಂದಲೋ ಚರ್ಮದ ಮಟ್ಟಕ್ಕೆ ಹೆರೆದು ತೆಗೆಯುತ್ತಾರೆ. ಕಲೆ ಕಡಿಮೆ, ಗಾಯ ಬೇಗ ಮಾಯುತ್ತದೆ, ಹೆರೆದ ತುಂಡನ್ನು ಪರೀಕ್ಷೆಗೂ ಕಳಿಸಬಹುದು. ಆಳದಲ್ಲಿ ಕೋಶಗಳು ಉಳಿಯುವುದರಿಂದ ಬಣ್ಣವೋ ಉಬ್ಬೋ ಮರಳಿ ಬರಬಹುದು ಎನ್ನುವುದು ಇದರ ಮಿತಿ. ಮೆಲನೋಮಾ ಅನುಮಾನವಿರುವಲ್ಲಿ ಹೀಗೆ ಮೇಲಿಂದ ಹೆರೆಯುವುದು ಸಲ್ಲದು. ಅಮೆರಿಕದ ವೈದ್ಯ ಅಲೆಕ್ಸಾಂಡರ್ ಬ್ರೆಸ್ಲೊ 1970ರಲ್ಲಿ ತೋರಿಸಿಕೊಟ್ಟಂತೆ, ಮೆಲನೋಮಾ ಎಷ್ಟು ಮಿಲಿಮೀಟರ್ ಆಳಕ್ಕೆ ಇಳಿದಿದೆ ಎನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ. 1 ಮಿ.ಮೀ. ಒಳಗಿದ್ದರೆ ಸುತ್ತ 1 ಸೆಂ.ಮೀ. ಚರ್ಮ ತೆಗೆದರೆ ಸಾಮಾನ್ಯವಾಗಿ ಸಾಕು, ಅಷ್ಟರಲ್ಲೇ ಬಹುತೇಕರು ಗುಣವಾಗುತ್ತಾರೆ. 2 ಮಿ.ಮೀ. ದಾಟಿದರೆ 2 ಸೆಂ.ಮೀ. ತೆಗೆಯಬೇಕು, ದುಗ್ಧರಸ (ಲಿಂಫ್) ಗ್ರಂಥಿಗಳ ಪರೀಕ್ಷೆಯೂ ಬೇಕಾಗಬಹುದು. ತಳ ಕತ್ತರಿಸಿಹೋದ ತುಂಡಿನಲ್ಲಿ ಈ ಆಳ ಅಳೆಯಲು ಆಗುವುದಿಲ್ಲ. ಅದಕ್ಕೆ ತುಂಡು ಪೂರ್ತಿಯಾಗಿ, ತಳಸಮೇತ ಬರಬೇಕು.

ಲೇಸರ್ ಎಂದ ಕೂಡಲೇ ಆಧುನಿಕ, ಸುರಕ್ಷಿತ ಎಂಬ ಭಾವನೆ ಬರುತ್ತದೆ. ಜೋತುಬಿದ್ದ ಚರ್ಮದ ಗಂಟು, ಮೇಣದಂತಹ ಒರಟು ಗುರುತು, ಕೆನ್ನೆಯ ಪುಟ್ಟ ಕಪ್ಪು ಉಬ್ಬು ಇಂತಹವನ್ನು ತಜ್ಞರು ಡರ್ಮಟೋಸ್ಕೋಪಿನಲ್ಲಿ ನೋಡಿ ಖಚಿತಪಡಿಸಿದ ಮೇಲೆ ಲೇಸರಿನಿಂದಲೋ ವಿದ್ಯುತ್ ಸೂಜಿಯಿಂದಲೋ ದ್ರವ ಸಾರಜನಕದ ತಣ್ಪಿನಿಂದಲೋ ತೆಗೆದರೆ ತೊಂದರೆಯಿಲ್ಲ. ನಿಜವಾದ ಮಚ್ಚೆಗೆ ಮಾತ್ರ ನಾನು ಇವನ್ನು ಒಪ್ಪಲಾರೆ. ಬಣ್ಣ ಒಡೆಯುವ ಲೇಸರ್ ಮೇಲಿನ ಕಪ್ಪನ್ನು ಅಳಿಸಿ ಒಳಗಿನ ಕೋಶಗಳನ್ನು ಹಾಗೇ ಬಿಡುತ್ತದೆ, ಸುಡುವ ಲೇಸರ್ ತುಂಡನ್ನೇ ಉಳಿಸುವುದಿಲ್ಲ. ಅರೆಬರೆ ತೆಗೆದ ಮಚ್ಚೆಯಿಂದ ಇನ್ನೊಂದು ತೊಡಕೂ ಇದೆ. ಕಲೆಯೊಳಗಿಂದ ಅದು ಮರಳಿ ಬಂದಾಗ ಬಣ್ಣ ಕದಡಿ, ಅಂಚು ಹರಿದು, ಸೂಕ್ಷ್ಮದರ್ಶಕದಲ್ಲೂ ಮೆಲನೋಮಾದಂತೆಯೇ ಕಾಣಬಹುದು. 1975ರಲ್ಲೇ ಇದನ್ನು ಗುರುತಿಸಿದ ವೈದ್ಯರು ಹುಸಿ ಮೆಲನೋಮಾ ಎಂದು ಹೆಸರಿಟ್ಟರು. ಮೊದಲ ಸಲ ತೆಗೆದದ್ದರ ವರದಿ ಇಲ್ಲದಿದ್ದರೆ ಇದು ಹುಸಿಯೋ ನಿಜವೋ ಎಂದು ಹೇಳುವುದು ನುರಿತ ರೋಗಶಾಸ್ತ್ರಜ್ಞರಿಗೂ ಕಷ್ಟ.

ಮನೆಮದ್ದು, ಮುಲಾಮು, ದಾರ

ದಾರ ಕಟ್ಟಿ ಉದುರಿಸುವುದು, ಬೆಳ್ಳುಳ್ಳಿ ಅರೆದು ಹಚ್ಚುವುದು, ವಿನೆಗರ್ ಅದ್ದಿದ ಹತ್ತಿ ಅಂಟಿಸುವುದು, ಇವೆಲ್ಲ ಮಾಡುವುದು ಒಂದೇ: ಚರ್ಮವನ್ನು ಗಾಯಗೊಳಿಸುವುದು. ವಿನೆಗರ್ ಮತ್ತು ಬೆಳ್ಳುಳ್ಳಿಯಿಂದ ಚರ್ಮ ಸುಟ್ಟು ಆಸ್ಪತ್ರೆ ಸೇರಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಇವೆಲ್ಲಕ್ಕಿಂತ ಭಯಂಕರವಾದುದು ಕಪ್ಪು ಮುಲಾಮು ಎಂಬ ಹೆಸರಿನಲ್ಲಿ ಗಿಡಮೂಲಿಕೆ ಎಂದು ಮಾರುವ ಲೇಪ. ಅದರಲ್ಲಿ ಸಾಮಾನ್ಯವಾಗಿ ಸತುವಿನ ಕ್ಲೋರೈಡ್ ಮತ್ತು ಬ್ಲಡ್‌ರೂಟ್ ಎಂಬ ಗಿಡದ ಸತ್ವ ಇರುತ್ತವೆ. ಒಳ್ಳೆಯ ಚರ್ಮ, ಕೆಟ್ಟ ಚರ್ಮ ಎಂಬ ಭೇದವಿಲ್ಲದೆ ಎರಡನ್ನೂ ತಿನ್ನುತ್ತದೆ. ಮೂಗಿನ ಹೊಳ್ಳೆಯನ್ನೇ ಕಳೆದುಕೊಂಡವರಿದ್ದಾರೆ. ಮೇಲೆ ಹಕ್ಕಳೆ ಕಟ್ಟಿ ಉದುರಿ, ವಾಸಿಯಾಯಿತು ಎಂದು ನೆಮ್ಮದಿಯಿಂದಿರುವಾಗ ಅದರಡಿಯಲ್ಲಿ ಕ್ಯಾನ್ಸರ್ ಬೆಳೆಯುತ್ತಲೇ ಇದ್ದ ಪ್ರಕರಣಗಳೂ ಇವೆ. ವೈದ್ಯರ ಚೀಟಿಯಿಲ್ಲದೆ ಮನೆಯಲ್ಲೇ ಮಚ್ಚೆ ತೆಗೆದುಕೊಳ್ಳುವ ಒಂದೇ ಒಂದು ಔಷಧಕ್ಕೂ ತಾನು ಅನುಮತಿ ಕೊಟ್ಟಿಲ್ಲ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸ್ಪಷ್ಟವಾಗಿ ಹೇಳಿದೆ. 2022ರಲ್ಲಿ ಅಂತಹ ಉತ್ಪನ್ನ ಮಾರುತ್ತಿದ್ದ ಕಂಪನಿಗಳಿಗೆ ಎಚ್ಚರಿಕೆ ಪತ್ರವನ್ನೂ ಕಳಿಸಿತು.

ಗಾಯ ಮಾಯುವವರೆಗೆ

ತೆಗೆಸುವ ಮೊದಲು ವೈದ್ಯರಿಗೆ ಕೆಲವು ವಿಷಯ ಹೇಳಲೇಬೇಕು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಹೇಳಿ, ನೀವಾಗಿಯೇ ಅದನ್ನು ನಿಲ್ಲಿಸಬೇಡಿ, ಇಂತಹ ಸಣ್ಣ ಶಸ್ತ್ರಚಿಕಿತ್ಸೆಗೆ ಬಹಳ ಸಲ ನಿಲ್ಲಿಸುವ ಅಗತ್ಯವೇ ಬರುವುದಿಲ್ಲ. ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ವಿದ್ಯುತ್ ಸೂಜಿ ಬಳಸುವಾಗ ಎಚ್ಚರ ಬೇಕು. ಹಿಂದೆ ಗಾಯವಾದಲ್ಲಿ ಕಲೆ ಉಬ್ಬಿ ಬೆಳೆದಿದ್ದರೆ, ಅಂದರೆ ಕೀಲಾಯ್ಡ್ ಬಂದಿದ್ದರೆ ಅದನ್ನು ಮುಚ್ಚಿಡಬೇಡಿ. ಎದೆಯ ನಡುವೆ, ಹೆಗಲು, ದವಡೆಯಂಚು, ಕಿವಿಯ ಹಾಲೆ ಇದಕ್ಕೆ ಹೆಸರಾದ ಜಾಗಗಳು, ಕಪ್ಪು ಮೈಬಣ್ಣದವರಲ್ಲಿ ಇನ್ನೂ ಹೆಚ್ಚು. ಎದೆಯ ಮೇಲಿನ ನಿರುಪದ್ರವಿ ಮಚ್ಚೆಯನ್ನು ಚೆಂದಕ್ಕಾಗಿ ತೆಗೆಸಿ, ಅದರ ನಾಲ್ಕರಷ್ಟು ದೊಡ್ಡ ಉಬ್ಬುಕಲೆ ಪಡೆದವರ ಸಂಕಟ ನೋಡಿದರೆ, ಕೆಲವೊಮ್ಮೆ ತೆಗೆಸದಿರುವುದೇ ಒಳ್ಳೆಯ ಚಿಕಿತ್ಸೆ ಎನಿಸುತ್ತದೆ.

ಗಾಯಕ್ಕೆ ಗಾಳಿಯಾಡಲು ಬಿಟ್ಟು ಒಣಗಿಸಬೇಕು ಎಂಬ ಹಳೆಯ ಮಾತು ಸರಿಯಲ್ಲ. ದಿನವೂ ಮೆದುವಾಗಿ ತೊಳೆದು, ಪೆಟ್ರೋಲಿಯಂ ಜೆಲ್ಲಿ ಹಚ್ಚಿ, ಮುಚ್ಚಿಟ್ಟರೆ ಹಕ್ಕಳೆ ಗಟ್ಟಿಯಾಗದೆ ಬೇಗ ಮಾಯುತ್ತದೆ. ಆ್ಯಂಟಿಬಯೊಟಿಕ್ ಮುಲಾಮು ಮಾಮೂಲಿ ಗಾಯಕ್ಕೆ ಬೇಕಿಲ್ಲ, ಕೆಲವರಿಗೆ ಅದರಿಂದಲೇ ಅಲರ್ಜಿಯಾಗುತ್ತದೆ. ಮುಖದ ಹೊಲಿಗೆ 5ರಿಂದ 7 ದಿನಕ್ಕೆ, ಬೆನ್ನು ಹೊಟ್ಟೆಯದು 10ರಿಂದ 14 ದಿನಕ್ಕೆ ಬಿಚ್ಚುತ್ತಾರೆ. ಹೊಲಿಗೆ ಬಿಚ್ಚಿದ ಮಾತ್ರಕ್ಕೆ ಗಾಯ ಗಟ್ಟಿಯಾಯಿತು ಎಂದುಕೊಳ್ಳಬಾರದು. ಮೂರು ವಾರಕ್ಕೂ ಅದರ ಬಲ ಮೂಲ ಚರ್ಮದ ಐದನೇ ಒಂದು ಪಾಲಿನಷ್ಟೇ, ಎಷ್ಟೇ ತಿಂಗಳಾದರೂ ಶೇ 80ರ ಆಸುಪಾಸಿಗೆ ನಿಲ್ಲುತ್ತದೆ. ಬೆನ್ನು, ಹೆಗಲಿನ ಗಾಯವಾದರೆ ಭಾರ ಎತ್ತುವುದನ್ನು ಕೆಲವು ವಾರ ಮುಂದೂಡಬೇಕು. ಹೊಸ ಕಲೆಗೆ ಬಿಸಿಲು ಬಿದ್ದರೆ ಕಪ್ಪಾಗಿ ಉಳಿಯುತ್ತದೆ, ಹಾಗಾಗಿ ಬಟ್ಟೆಯಿಂದ ಮುಚ್ಚುವುದು, ಇಲ್ಲವೇ ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ಹಚ್ಚುವುದು ತಿಂಗಳುಗಟ್ಟಲೆ ನಡೆಯಬೇಕು.

ನನ್ನ ವರದಿ ಬಂದಾಗ ಅದರಲ್ಲಿ ನಾಲ್ಕೇ ಸಾಲು ಇತ್ತು. ತುಂಡಿನ ಅಳತೆ, ಕೋಶಗಳ ವಿವರಣೆ, ಸೌಮ್ಯ ಬಗೆಯ ಮಚ್ಚೆ ಎಂಬ ತೀರ್ಮಾನ, ಕೊನೆಗೆ ಅಂಚುಗಳಲ್ಲಿ ಮಚ್ಚೆಯ ಕೋಶಗಳಿಲ್ಲ ಎಂಬ ಮಾತು. ಆ ಕೊನೆಯ ಸಾಲಿನ ಕೆಳಗೆ ವೈದ್ಯರು ಪೆನ್ನಿನಿಂದ ಗೀಟು ಎಳೆದು, ಈ ಕಾಗದವನ್ನು ಜೋಪಾನವಾಗಿ ಇಟ್ಟುಕೊಳ್ಳಿ ಎಂದರು. ಹತ್ತು ವರ್ಷದ ನಂತರ ಈ ಗೆರೆಯ ನಡುವೆ ಮತ್ತೆ ಕಪ್ಪು ಕಂಡರೆ, ಯಾವ ಊರಿನ ಯಾವ ವೈದ್ಯರ ಬಳಿ ಹೋದರೂ ಅವರು ಮೊದಲು ಕೇಳುವುದು ಇದನ್ನೇ.